ಮರಿಯಜ್ಜಿಯ ಲೋಬಾನ

ಮರಿಯಜ್ಜಿ ಲೋಬಾನದ ಜೊತೆ ಜಗಳವಾಡುತ್ತಿದ್ದರು. ಗಜೇಂದ್ರಗಡದ ಪೇಟೆಯಲ್ಲಿ ಅಂಗಡಿಯ ಮುಂದೆ ನಿಂತು ಒಂದೊಂದೇ ಹರಳನ್ನು ಮೂಗಿಗೆ ಹಿಡಿದು, “ನೀ ಲೋಬಾನ ಅಲ್ಲ, ಅಗ್ಗದ ರಾಳ. ನಮ್ಮ ಚರ್ಚಿಗೆ ಬರಬ್ಯಾಡ” ಎಂದು ಬದಿಗಿಡುತ್ತಿದ್ದರು. “ಈ ಅಜ್ಜಿ ಬಂದ್ರ ನನ್ನ ಅರ್ಧ ಅಂಗಡಿ ಖೊಟ್ಟಿ ಆಗತೈತಿ” ಎಂದು ಅಂಗಡಿಯ ಚಾಚಾ ನಗುತ್ತಿದ್ದರು.

ನಮ್ಮ ಪುಟ್ಟ ಚರ್ಚಿನಲ್ಲಿ ಭಾನುವಾರದ ಪೂಜೆಗೆ ಧೂಪ ಸಿದ್ಧಪಡಿಸುವುದು ಅವರ ಕೆಲಸ. ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವುದು ನನ್ನ ಚಟ. ಎಷ್ಟು ಚಮಚ, ಕೆಂಡ ಎಷ್ಟು ನಿಮಿಷ ಆರಬೇಕು ಎಂದು ಒಂದು ವರ್ಷದಲ್ಲಿ ಹದಿನಾಲ್ಕು ಸಲ ಕೇಳಿದ್ದೇನೆ. ಹದಿನಾಲ್ಕು ಸಲವೂ ಒಂದೇ ಉತ್ತರ: “ಮೂಗಿಗೆ ಗೊತ್ತಾಗತೈತಿ.” ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಮಾತ್ರ, ನಾನು ಕೇಳದೆಯೇ, ಕೂರಿಸಿಕೊಂಡು ಹೇಳಿದರು: “ನನಗ ಪ್ರಾರ್ಥನಿ ಪುಸ್ತಕ ಓದಾಕ ಬರೂದಿಲ್ಲ ಯವ್ವಾ. ಹೊಗಿ ಮ್ಯಾಲ ಹೋಗತೈತಿ, ವಾಸನಿ ನನ್ನ ಎದ್ಯಾಗ ಇಳೀತೈತಿ. ಆಗ ದೇವರು ಕೇಳಿದ ಅಂತ ತಿಳ್ಕೋತೀನಿ.”

ಹೋದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಹೋಯಿತು. ಆಮೇಲೆ ಧೂಪ ಕೆಟ್ಟಿತು. ಗಂಟಲು ಸುಡುವ ಕಹಿ ಹೊಗೆ. ಮೊದಲ ಭಾನುವಾರ ಕೆಮ್ಮಿದವರು ಒಂಬತ್ತು ಜನ, ಮರುವಾರ ಹದಿಮೂರು. ಐದು ಭಾನುವಾರಗಳ ಲೆಕ್ಕವನ್ನು ಫಾದರಿಗೆ ತೋರಿಸಿದೆ. ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವರು ಅಜ್ಜಿಗೆ ಮೆತ್ತಗೆ ಹೇಳಿದರು. ಹುಬ್ಬಳ್ಳಿಯಿಂದ ಧೂಪದ ಪೊಟ್ಟಣ ಬಂತು.

ನಿಜ ಗೊತ್ತಾದದ್ದು ಚಾಚಾನಿಂದ. ಜ್ವರದಿಂದ ಎದ್ದ ಮೇಲೆ ಅಜ್ಜಿ ಹರಳು ಮೂಸುತ್ತಲೇ ಇರಲಿಲ್ಲವಂತೆ. ರಾಳದ ಡಬ್ಬಿಯಿಂದಲೂ ತಾವೇ ತುಂಬಿಕೊಂಡು ಹೋಗುತ್ತಿದ್ದರಂತೆ. ಮನೆಯ ಬಳಕೆಗಿರಬೇಕು ಎಂದು ಚಾಚಾ ಸುಮ್ಮನಿದ್ದರು.

ಒಳ್ಳೆಯ ಲೋಬಾನ ಆರಿಸಿಕೊಂಡು ಅವರ ಮನೆಗೆ ಹೋದೆ. ಮೂಗಿಗೆ ವಾಸನೆ ತಿಳಿಯದಂತಾದದ್ದನ್ನು ಯಾಕೆ ಹೇಳಲಿಲ್ಲ ಎಂದು ರೇಗಿದೆ.

“ಏನಂತ ಹೇಳ್ಲಿ? ದೇವರು ನನ್ನ ಕೂಡ ಮಾತು ಬಿಟ್ಟಾನ ಅಂತ ಹೇಳ್ಲ್ಯಾ?”

ಕೆಂಡದ ಮೇಲೆ ಲೋಬಾನ ಹಾಕಿದೆ. ಅವರು ಹೊಗೆಯನ್ನೇ ನೋಡುತ್ತ ಕೇಳಿದರು: “ಹ್ಯಾಂಗ ಐತಿ ವಾಸನಿ?”

“ಚಲೋ ಐತ್ರಿ, ಅಜ್ಜಿ.”

“ಚಲೋ ಅಂದ್ರ ಹ್ಯಾಂಗ? ಸರಿಯಾಗಿ ಹೇಳು.”

ಸಿಹಿ ಎಂದೆ. ತಂಪು ಎಂದೆ. ಎರಡಕ್ಕೂ ಅವರು ಅಲ್ಲವೆಂದು ತಲೆ ಅಲ್ಲಾಡಿಸಿದರು. ಕೊನೆಗೆ, “ಇರ್ಲಿ ಬಿಡು. ನನ್ನ ಪಾಲಿಂದೂ ನೀನ ತಗೋ” ಎಂದರು.

ಮರುವಾರ ನರಗುಂದದ ಮಗಳ ಮನೆಯಲ್ಲಿ ತೀರಿಕೊಂಡರು. ಆ ವಾಸನೆಗೆ ಅವರು ಕೇಳಿದ ಸರಿಯಾದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.