ಮಿರಜಿನ ಡಾಕ್ಟರು ಬೇಡವೆಂದ ಹೂ

ಮಗಳು ತಲೆ ಕೆರೆದುಕೊಳ್ಳಲು ಶುರು ಮಾಡಿದ್ದು ಒಣದ್ರಾಕ್ಷಿಯ ಹಂಗಾಮಿನಲ್ಲಿ. ಆ ದಿನಗಳಲ್ಲಿ ಐನಾಪುರದ ನಮ್ಮ ಮನೆಯಲ್ಲಿ ಯಾರಿಗೂ ಯಾರ ತಲೆಯ ಕಡೆಗೂ ನೋಡುವ ಪುರಸೊತ್ತು ಇರುವುದಿಲ್ಲ. ಗಂಡ ಬೆಳಗಾದರೆ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗಿಬಿಡುತ್ತಿದ್ದರು. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು, ಮದುವೆ ಸೀಸನ್ನಿನ ರಾಶಿಯಲ್ಲಿ ಕುತ್ತಿಗೆವರೆಗೆ ಮುಳುಗಿದ್ದೆ. ಮೂರನೆಯ ತರಗತಿಯ ಮಗಳು ಎದುರಿಗೆ ಕೂತು ಓದುತ್ತಿದ್ದಳು. ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದು ಕೈ ತಲೆಯೊಳಗೆ. ಲೆಕ್ಕ ಬಿಡಿಸಲು ಬಾರದೆ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡೆ. ಲೆಕ್ಕದ ಪುಸ್ತಕ ಮುಚ್ಚಿದ ಮೇಲೂ ಕೈ ಕೆಳಗಿಳಿಯಲಿಲ್ಲ.

ಹಾಗೆಂದು ನಾನು ಅವಳ ತಲೆ ನೋಡಲೇ ಇಲ್ಲವೆಂದಲ್ಲ. ಕಿಟಕಿಯ ಬೆಳಕಿಗೆ ಕೂರಿಸಿಕೊಂಡು ಕೂದಲು ಸರಿಸಿ ನೋಡಿದೆ. ಕಿವಿಯ ಹಿಂದೆ ಬಿಳಿ ಬಿಳಿ ಪುಡಿಯಂಥದ್ದು ಅಂಟಿತ್ತು. ಹೊಟ್ಟು ಎಂದು ತೀರ್ಮಾನಿಸಿದೆ. ಹೇನು ಎಂಬ ಪದ ಮನಸ್ಸಿನ ಹೊಸ್ತಿಲವರೆಗೆ ಬಂದಿತ್ತು, ಆದರೆ ನಾನೇ ಅದನ್ನು ಅಲ್ಲಿಂದಲೇ ಸಾಗಹಾಕಿದೆ. ವಾರಕ್ಕೆರಡು ಸಲ ಶಾಂಪೂ ಹಾಕಿ ತಲೆ ತೊಳೆಯುವ ಮನೆ ನಮ್ಮದು. ನಮ್ಮ ಮನೆಯಲ್ಲಿ ಹೇನೇ? ಛೆ.

ಹೊಟ್ಟಾದರೆ ಹೊಟ್ಟಿಗೊಂದು ಕಾರಣ ಬೇಕಲ್ಲ. ಮೊದಲು ಬೋರ್‌ವೆಲ್ಲಿನ ಗಡಸು ನೀರನ್ನು ಹಿಡಿದೆ. ಅದೇ ನೀರಿನಲ್ಲಿ ಮಿಂದ ನನ್ನ ಗಂಡನ ತಲೆ ಚೆನ್ನಾಗಿಯೇ ಇತ್ತು, ಹಾಗಾಗಿ ನೀರನ್ನು ಬಿಟ್ಟೆ. ಆಮೇಲೆ ನನ್ನ ತನಿಖೆ ಯಾವ ದಾರಿ ಹಿಡಿದರೂ ಅತ್ತೆಯ ಕೋಣೆಯ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ತಲೆಗೆ ಹಚ್ಚುವ ಎಣ್ಣೆ ಅತ್ತೆಯದು. ದಿನಾ ಬೆಳಿಗ್ಗೆ ಜಡೆಗೆ ಮುಡಿಸುವ ಅಬ್ಬಲಿಗೆ ಹೂ ಅತ್ತೆ ಹಿತ್ತಲಲ್ಲಿ ಬೆಳೆದದ್ದು. ಮಗಳು ರಾತ್ರಿ ಹೊದೆಯುವ ಕೌದಿ ಅತ್ತೆಯ ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು. ಹಾಲು ಬಿಟ್ಟಾಗಿನಿಂದ ಅವಳು ಅಜ್ಜಿಯ ಜೊತೆ ಆ ಕೌದಿಯೊಳಗೇ ಮಲಗುತ್ತಿದ್ದಳು. ಒಂದೇ ದಿಂಬಿನ ಮೇಲೆ ತಲೆಗೆ ತಲೆ ಹಚ್ಚಿ ಇಬ್ಬರೂ ಅದೇನು ಪಿಸಿಪಿಸಿ ಮಾತಾಡುತ್ತಿದ್ದರೋ, ನನಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು ಎಂದು ಈಗ ಅನ್ನಿಸುತ್ತದೆ.

"ಇದ ಕಡಿಮಿ ಆಗಲಿಲ್ಲಂದ್ರ ನೀ ಬ್ಯಾರೆ ಮಲಗಬೇಕಾಗ್ತೈತಿ ನೋಡ," ಎಂದು ಮಗಳನ್ನು ಹೆದರಿಸಿದೆ.

"ಎಣ್ಣಿ ಬ್ಯಾಡಂದ್ರ ಬಿಡ್ತೀನಿ, ಹೂ ಬ್ಯಾಡಂದ್ರ ಬಿಡ್ತೀನಿ. ಆಯಿ ಕೂಡ ಮಲಗೂದ ಮಾತ್ರ ಬಿಡೂದಿಲ್ಲ ಮಮ್ಮಿ," ಎಂದಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ.

ಅಂದಿನಿಂದ ಅವಳು ನನ್ನ ಕಣ್ಣೆದುರು ಕೆರೆದುಕೊಳ್ಳುವುದನ್ನೇ ನಿಲ್ಲಿಸಿದಳು. ಎಮ್ಮೆಯ ಕರು ಗೂಟಕ್ಕೆ ಮೈ ತಿಕ್ಕುವ ಹಾಗೆ ಬಾಗಿಲ ಚೌಕಟ್ಟಿಗೆ ಮೆಲ್ಲಗೆ ತಲೆ ತಿಕ್ಕುವುದನ್ನು ಕಲಿತಳು. ನಾನು ನೋಡಿದರೆ, ಬಾಗಿಲಿಗೆ ಒರಗಿ ಏನೋ ಗಹನವಾಗಿ ಯೋಚಿಸುತ್ತಿರುವವಳಂತೆ ನಟಿಸುತ್ತಿದ್ದಳು.

ಕೊನೆಗೆ ಮಹಾರಾಷ್ಟ್ರದ ಮಿರಜಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೆಂದಾಯಿತು. ಅತ್ತೆ ತಾವೂ ಬರುತ್ತೇನೆಂದರು. ಅವರ ತವರು ಜತ್ತದ ಕಡೆ, ಕಲಿತದ್ದು ಮರಾಠಿ ಶಾಲೆಯಲ್ಲಿ. ನಾನು ಬೈಲಹೊಂಗಲದವಳು. ನನ್ನ ಮರಾಠಿಯೆಲ್ಲ ಬಸ್ಸಿನಲ್ಲಿ ಮತ್ತು ಕಾಯಿಪಲ್ಲೆಯ ಸಂತೆಯಲ್ಲಿ ಕಲಿತದ್ದು. ಆದರೂ, "ನನಗ ಮರಾಠಿ ಬರ್ತೈತ್ರಿ, ನೀವ್ಯಾಕ ದಣೀತೀರಿ," ಎಂದು ಅವರನ್ನು ಮನೆಯಲ್ಲೇ ಬಿಟ್ಟೆ. ಬೆಳಿಗ್ಗೆ ಅವರು ಮೊಮ್ಮಗಳಿಗೆ ಮುಡಿಸಿದ್ದ ಅಬ್ಬಲಿಗೆಯ ಮಾಲೆಯನ್ನೂ ಅಂಗಳ ದಾಟುವಷ್ಟರಲ್ಲಿ ತೆಗೆದಿಟ್ಟೆ. ಗಂಡ ನಮ್ಮನ್ನು ದವಾಖಾನೆಯ ಮುಂದೆ ಇಳಿಸಿ ಡ್ರಿಪ್ ಪೈಪು ತರಲು ಹೋದರು.

ಡಾಕ್ಟರು ಹುಡುಗು ವಯಸ್ಸಿನವರು, ಊರಿಗೆ ಹೊಸಬರು. ಕರ್ನಾಟಕದ ಪೇಷಂಟುಗಳನ್ನು ನೋಡಿ ನೋಡಿ ನಾಲ್ಕು ಕನ್ನಡ ಶಬ್ದ ಕಲಿತಿದ್ದರು, ಕಲಿತದ್ದನ್ನೆಲ್ಲ ನಮ್ಮ ಮೇಲೆ ಪ್ರಯೋಗಿಸಿದರು. ಬಿಗಿಯಾಗಿ ಹೆಣೆದಿದ್ದ ಎರಡು ಜಡೆಗಳ ನಡುವಿನ ಬೈತಲೆಯನ್ನು ನೋಡಿ ಕೇಳಿದರು:

"ತಲಿಯಾಗ ಊ ಐತಿ ಕಾಯ?"

ತಲೆಯಲ್ಲಿ ಹೂ ಇದೆಯೇನು ಎಂದು ಕೇಳುತ್ತಿದ್ದಾರೆ! ಪಾಪ, ಮರಾಠಿ ಬಾಯಿ, ಹಕಾರ ನುಂಗಿದ್ದಾರೆ, ಅಷ್ಟೇ ತಾನೆ. ಅವರು ಕನ್ನಡಕ್ಕೆ ಅಷ್ಟು ಕಷ್ಟಪಡುವಾಗ ನಾನು ಮರಾಠಿಯಲ್ಲಿ ಉತ್ತರಿಸುವುದು ಮರ್ಯಾದೆ ಎನಿಸಿತು. "ನಾಹೀ ಡಾಕ್ಟರ, ಘರೀಚ ಕಾಡೂನ ಆಲೇ," ಎಂದೆ. ಇಲ್ಲ ಡಾಕ್ಟರೇ, ಮನೆಯಲ್ಲೇ ತೆಗೆದು ಬಂದೆ.

ಡಾಕ್ಟರಿಗೆ ಬಹಳ ಸಂತೋಷವಾಯಿತು. "ಬರಂ ಕೇಲಂ," ಒಳ್ಳೆಯದು ಮಾಡಿದಿರಿ ಎಂದು ನನ್ನನ್ನು ಹೊಗಳಿದರು. ಮತ್ತೆ ಬೆರಳೆತ್ತಿ, "ಊ ಲಯ್ ವಾಯಿಟ. ಪರತ ನಕೋ," ಎಂದು ಎಚ್ಚರಿಸಿದರು. ತುಂಬಾ ಕೆಟ್ಟದ್ದು, ಮತ್ತೆ ಬೇಡ. ಹೊಟ್ಟಿಗೊಂದು ಲೋಶನ್ನು ಬರೆದುಕೊಟ್ಟರು. ನಾನು ಪರೀಕ್ಷೆ ಪಾಸಾದವಳ ಹಾಗೆ ಹೊರಗೆ ಬಂದೆ.

ಮನೆಗೆ ಬಂದವಳೇ ಹೂವಿಗೆ ನಿಷೇಧ ಹಾಕಿದೆ. ಡಾಕ್ಟರೇ ಹೇಳಿದ ಮೇಲೆ ಎದುರಾಡುವವರು ಯಾರು? ಹಿತ್ತಲ ಅಬ್ಬಲಿಗೆಯೆಲ್ಲ ದೇವರ ಜಗಲಿಗೆ ಏರತೊಡಗಿತು. ಅತ್ತೆ ದೇವರುಗಳ ಮುಖವೇ ಕಾಣದಷ್ಟು ಏರಿಸಿ, ನನಗೆ ಕಾಣುವ ಹಾಗೆ ಕೈ ಮುಗಿಯುತ್ತಿದ್ದರು. ನನ್ನ ಜೊತೆಗಿನ ಮಾತು ಉಪ್ಪು, ಸಕ್ಕರೆ, ಹಾಲಿಗೆ ಇಳಿಯಿತು.

ಲೋಶನ್ನು ಮುಗಿಯುತ್ತ ಬಂತು, ಬಾಗಿಲ ಚೌಕಟ್ಟಿನ ಬಣ್ಣ ಒಂದು ಕಡೆ ಸವೆದು ಹೊಳೆಯತೊಡಗಿತು. ಒಂದು ರವಿವಾರ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ನಿಂತು ತೀರ್ಪು ಹೇಳಿಯೇಬಿಟ್ಟೆ: ಹೂವಲ್ಲವೆಂದ ಮೇಲೆ ಕೌದಿಯೇ ಸೈ, ಇವತ್ತಿನಿಂದ ಮಗಳು ಒಳಗಿನ ಕೋಣೆಯಲ್ಲಿ ಬೇರೆ ಮಂಚದ ಮೇಲೆ.

ಮಗಳು ಓಡಿಹೋಗಿ ಅಜ್ಜಿಯ ಸೆರಗು ಹಿಡಿದಳು. ಮಾಲೆ ಕಟ್ಟುತ್ತಿದ್ದ ಅತ್ತೆ ದಾರ ಕೆಳಗಿಟ್ಟು, ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದರು.

"ಆ ಡಾಕ್ಟರ ಹೂವಿಗೆ ಏನಂದ? ಅವನ ಬಾಯಾಗ ಹ್ಯಾಂಗ ಬಂತು ಹಂಗ ಹೇಳ."

"ಊ ಲಯ್ ವಾಯಿಟ ಅಂದ್ರರಿ ಅತ್ತಿ. ತಲಿಯಾಗ ಊ ಐತಿ ಕಾಯ ಅಂತನೂ ಕೇಳಿದ್ರು."

"ನೀ ಏನಂದಿ?"

"ಮನ್ಯಾಗ ತಗದ ಬಂದೀನಿ ಅಂದ್ನಿರಿ."

ಅತ್ತೆ ಕಣ್ಣು ಮುಚ್ಚಿದರು. ಸಿಟ್ಟಿಗೆ ಎಂದುಕೊಂಡೆ. ಮುಚ್ಚಿದ ಕಣ್ಣಿನಿಂದ ನೀರು ಬರುವಷ್ಟು ನಗುತ್ತಿದ್ದರು. "ಹುಚ್ಚಿ! ಮರಾಠ್ಯಾಗ ಊ ಅಂದ್ರ ಹೂ ಅಲ್ಲಬೇ. ಹೇನು! ಹೇನು ಅದಾವೇನು ಅಂತ ಕೇಳ್ಯಾನವ. ನೀ ತಗದ ಬಂದೀನಿ ಅಂತ ಹೇಳಿ ಶ್ಯಾಣ್ಯಾಕಿ ಅನಿಸ್ಕೊಂಡ ಬಂದಿ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಟ್ರಂಕಿನಿಂದ ಒತ್ತು ಹಲ್ಲಿನ ಮರದ ಹಣಿಗೆ ತಂದರು, ನಾನು ಬ್ಲೌಸಿನ ಲೈನಿಂಗಿನ ಬಿಳಿ ಬಟ್ಟೆಯೊಂದನ್ನು ಬಿಸಿಲಿಗೆ ಹಾಸಿದೆ. ಮೊದಲ ಎಳೆತಕ್ಕೇ ಬಟ್ಟೆಯ ಮೇಲೆ ಜೀವಂತ ಸಾಕ್ಷಿ ಬಿದ್ದು ಓಡಾಡಿತು. ನನ್ನ ಹೊಟ್ಟು ಹೊಟ್ಟಲ್ಲ, ಸೀರು, ಹೇನಿನ ಮೊಟ್ಟೆ. ಸೂಜಿಗೆ ದಾರ ಪೋಣಿಸುವ ನನ್ನ ಕಣ್ಣುಗಳ ಬಗ್ಗೆ ಅತ್ತೆ ಒಂದೆರಡು ಮಾತಾಡಿದರು, ಅವನ್ನು ಇಲ್ಲಿ ಬರೆಯುವುದಿಲ್ಲ. ಅವರ ಕಣ್ಣಿಗೆ ಪೊರೆ ಬಂದಿತ್ತು, ಅವರು ಜಡೆ ಹೆಣೆಯುತ್ತಿದ್ದದ್ದೇ ಕೈಯ ಅಂದಾಜಿನ ಮೇಲೆ.

"ನನಗ ಗೊತ್ತಿತ್ತು," ಎಂದಳು ಮಗಳು, ತಲೆ ಬಗ್ಗಿಸಿಕೊಂಡೇ. "ಒಳಗ ಅಡ್ಡಾಡ್ತಿದ್ದವು."

"ಮತ್ತ ಹೇಳಬಾರದೇನ?"

"ಹೇಳಿದ್ರ ಆಯಿ ಕಡೆ ಮಲಗಾಕ ಬಿಡ್ತಿದ್ದಿ ಏನ?"

ಅವಳ ಆ ಮಾತು ನನಗೆ ನಿಜವಾಗಿ ನೋವು ಕೊಟ್ಟಿತು. ಇಷ್ಟು ಸಣ್ಣ ಹುಡುಗಿ ಅಷ್ಟು ದಿನ ಹಲ್ಲು ಕಚ್ಚಿ ತಡೆದುಕೊಂಡದ್ದು ಬರೀ ಒಂದು ದಿಂಬಿನ ಅರ್ಧಕ್ಕಾಗಿ. ಆದರೂ ಡಾಕ್ಟರಾದರೂ ಇದನ್ನೇ ಹೇಳುತ್ತಾರೆ ಎನ್ನಿಸಿ, ತಲೆ ಸ್ವಚ್ಛವಾಗುವವರೆಗೆ ಬೇರೆ ಮಲಗಲೇಬೇಕು ಎಂದು ಮೆಲ್ಲಗೆ ಹೇಳಿದೆ. ಅವಳ ಕಣ್ಣು ತುಂಬಿತು.

ಅತ್ತೆ ತಮ್ಮ ತುರುಬನ್ನೂ ಬಿಚ್ಚಿ ನನ್ನ ಕೈಗೆ ಹಣಿಗೆ ಕೊಟ್ಟರು. ಅಲ್ಲಿಯೂ ಇದ್ದವು. "ನನಗೂ ಕಡೀತಿತ್ತು. ವಯಸ್ಸಾತು, ಹಂಗ ಅಂತ ಸುಮ್ಮನಿದ್ದೆ," ಎಂದರು. ಆಮೇಲೆ ಹಣಿಗೆಯನ್ನು ವಾಪಸು ತೆಗೆದುಕೊಂಡು, "ಈಗ ನೀ ಕುಂದ್ರ," ಎಂದರು.

"ನನಗೇನೂ ಇಲ್ಲರಿ ಅತ್ತಿ."

"ಕುಂದ್ರ ಅಂದ್ನಿ."

ಕೂತೆ. ಮದುವೆಯಾಗಿ ಬಂದು ಇಷ್ಟು ವರ್ಷಗಳಲ್ಲಿ ಅತ್ತೆ ನನ್ನ ತಲೆ ಮುಟ್ಟಿದ್ದು ಅದೇ ಮೊದಲು. ಅವರ ಬೆರಳು ಕೂದಲೊಳಗೆ ಇಳಿದಾಗ ನನಗೆ ಯಾಕೋ ಬೈಲಹೊಂಗಲದ ನಮ್ಮವ್ವ ನೆನಪಾದಳು. ಇತ್ತೀಚೆಗೆ ನನ್ನ ತಲೆಯೂ ಒಂದಿಷ್ಟು ಕಡಿಯುತ್ತಿದ್ದದ್ದು ಮಗಳ ಚಿಂತೆಗೇ ಎಂದು ನಂಬಿದ್ದೆ. ಹಣಿಗೆ ಒಮ್ಮೆ ಎಳೆಯಿತು, ಎರಡನೆಯ ಸಲ ಎಳೆಯಿತು. ಬಿಳಿ ಬಟ್ಟೆಯ ಮೇಲೆ ಬೋರಲು ಮಲಗಿ ಕಾಯುತ್ತಿದ್ದ ಮಗಳು ಕಿಟಾರನೆ ಕಿರುಚಿದಳು. "ಬಿತ್ತು! ಮಮ್ಮಿದೂ ಬಿತ್ತು! ದೊಡ್ಡದ ಐತಿ!"

ಅತ್ತೆಯ ನಗು ನನ್ನ ಬೆನ್ನಿಗೆ ತಾಗುತ್ತಿತ್ತು. ಮಗಳು ಮಾತ್ರ ನಗಲಿಲ್ಲ. ಎದ್ದು ಬಂದು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ನಿಜವಾದ ಕಾಳಜಿಯಿಂದ ಕೇಳಿದಳು:

"ಮಮ್ಮಿ, ಈಗ ನೀ ಯಾರ ಕಡೆ ಮಲಗ್ತಿ?"

ನಾನು ಅತ್ತೆಯ ಕಡೆ ತಿರುಗಲು ಹೋದೆ. "ಸುಮ್ಮ ಕುಂದ್ರ, ತಲಿ ಅಳ್ಳಾಡಿಸಬ್ಯಾಡ," ಎಂದು ಅವರು ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಕೌದಿ ದೊಡ್ಡದೈತಿ."