ಕುರ್ಚಿ ತೊಟ್ಟ ಕೋಟು

ಅವಳು ತರಬೇತಿಗೆ ಸೇರಿದ್ದು ನಾವು ನೀವು ಪಾಸ್‌ಬುಕ್ಕು ಹಿಡಿದು ಸಾಲಿನಲ್ಲಿ ನಿಲ್ಲುವಂಥ ಬ್ಯಾಂಕಿಗಲ್ಲ. ಅಲ್ಲಿ ದುಡ್ಡು ಕಟ್ಟುವ ಕಿಟಕಿಯೇ ಇಲ್ಲ. ಒಂದು ಕಂಪನಿ ಇನ್ನೊಂದು ಕಂಪನಿಯನ್ನು ನುಂಗುವಾಗ ಎಷ್ಟಕ್ಕೆ ನುಂಗಬೇಕು, ಹೇಗೆ ಅರಗಿಸಿಕೊಳ್ಳಬೇಕು ಎಂದು ಪಕ್ಕದಲ್ಲಿ ನಿಂತು ಹೇಳಿಕೊಡುವ ಬ್ಯಾಂಕು ಅದು. ಎಮ್ಮೆ ವ್ಯಾಪಾರಕ್ಕೂ ದಲ್ಲಾಳಿ ಇರುತ್ತಾನಲ್ಲ, ಹಾಗೆಯೇ; ಇಲ್ಲಿಯ ದಲ್ಲಾಳಿಗೆ ಟೈ ಇರುತ್ತದೆ, ಅಷ್ಟೇ ವ್ಯತ್ಯಾಸ. ಬೇಸಿಗೆ ರಜೆಯಲ್ಲಿ ಕಾಲೇಜಿನ ಒಂದಷ್ಟು ಜನರನ್ನು ಕರೆತಂದು, ಕಬ್ಬು ಹಿಂಡಿದಂತೆ ಹಿಂಡಿ ನೋಡಿ, ಕೆಲವರನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಮಿಕ್ಕವರ ಕೈಕುಲುಕಿ ಕಳಿಸುತ್ತಾರೆ.

ಇವಳು ದರ್ಜಿಯ ಮಗಳು. ಅಪ್ಪ ಶಾಲೆಯ ಸಮವಸ್ತ್ರ, ಗಂಡಸರ ಕೋಟು ಹೊಲಿದೇ ಅವಳನ್ನು ಓದಿಸಿದವನು. ಹೆಂಗಸರ ಕೋಟಿಗೆ ಅವನು ಜನ್ಮದಲ್ಲಿ ಕತ್ತರಿ ಹಾಕಿರಲಿಲ್ಲ. ಮಗಳಿಗೆ ಕರೆ ಬಂದ ದಿನ ಬೂದು ಬಣ್ಣದ ಬಟ್ಟೆ ತಂದು, ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿದ. ಆಗಲೇ ಅವನ ಮೈ ಇಳಿದುಹೋಗಿತ್ತು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಚ್ಚಾ ಹೊಲಿಗೆ ಹಾಕಿ ಒಂದು ಸಲ ಅವಳ ಮೈಮೇಲೆ ಅಳತೆ ನೋಡಿದ್ದ. ಕೊನೆಯ ಕಾಜಾ ಮುಗಿಸಿ ಇಸ್ತ್ರಿ ಮಾಡಿಟ್ಟ ದಿನವೇ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೋಟು ಪೂರ್ತಿಯಾದ ಮೇಲೆ ಮಗಳ ಮೈಮೇಲೆ ಹೇಗೆ ಕೂತಿದೆ ಎಂದು ಅವನು ನೋಡಲೇ ಇಲ್ಲ.

ಆಸ್ಪತ್ರೆಗೆ ಹೋಗುವಾಗ ಮಗಳಿಗೆ ಹೇಳಿದ್ದು ಒಂದೇ ಮಾತು. "ನನ್ನ ನೆಪ ಮಾಡ್ಕೊಂಡು ಕೆಲಸ ಕೆಡಿಸ್ಕೊಂಡ್ರೆ, ನನ್ನ ಮುಖ ನೋಡೋಕೆ ಬರಬೇಡ."

ಕೆಲಸವೇನು ದೊಡ್ಡದಾಗಿರಲಿಲ್ಲ, ಆದರೆ ಮುಗಿಯುತ್ತಲೇ ಇರಲಿಲ್ಲ. ಪರದೆಯ ಮೇಲೆ ತೋರಿಸುವ ಪುಟಗಳನ್ನು ಸಿದ್ಧಮಾಡುವುದು. ಅಂಕಿಗಳನ್ನು ಒಂದರ ಕೆಳಗೊಂದು ಕೂರಿಸುವುದು. ಕಳಿಸಿದ್ದು ವಾಪಸು ಬಂದರೆ ಮತ್ತೆ ಕೂರಿಸುವುದು. ತಮ್ಮ ಮೇಲಿನ ಸೀನಿಯರ್‌ಗೆ ತರಬೇತಿಯವರೆಲ್ಲ ಸೇರಿ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಒಂದು ಅಲ್ಪವಿರಾಮ ತಪ್ಪಿದ್ದರೂ ಇಡೀ ಕಡತ ವಾಪಸು. ಆದರೆ ಸಿಡುಕುತ್ತಿರಲಿಲ್ಲ, ನಗುತ್ತಲೇ ವಾಪಸು ಮಾಡುತ್ತಿದ್ದ. ಸಿಡುಕುವವರನ್ನಾದರೂ ನಂಬಬಹುದು.

ಮೊದಲ ವಾರವೇ ತರಬೇತಿಯವನೊಬ್ಬ ಅಕ್ಕನ ಮದುವೆಗೆ ರಜೆ ಕೇಳಿದ. ಅಲ್ಪವಿರಾಮ ಧಾರಾಳವಾಗಿ ಕೊಟ್ಟು ಶುಭಾಶಯವನ್ನೂ ಹೇಳಿದ. ಹುಡುಗ ವಾಪಸು ಬಂದ ಮೇಲೆ ಅವನ ಮೇಜಿಗೆ ಒಂದು ಚೂರು ಕೆಲಸವೂ ಬರಲಿಲ್ಲ. ಅವನು ದಿನವಿಡೀ ಕಿಟಕಿ ನೋಡುತ್ತ ಕೂತಿರುತ್ತಿದ್ದ. ಅದನ್ನು ಕಂಡ ಮೇಲೆ ಅಪ್ಪನಿಗೆ ಕಾಯಿಲೆ ಎಂದು ಬಾಯಿ ಬಿಡುವ ಧೈರ್ಯ ಇವಳಿಗೆ ಬರಲಿಲ್ಲ.

ದಾರಿ ತೋರಿಸಿದವಳು ಪಕ್ಕದ ಕುರ್ಚಿಯ ಗೆಳತಿ. ಅವಳ ಚಿಕ್ಕಪ್ಪ ಇಂಥದ್ದೇ ಬ್ಯಾಂಕಿನಲ್ಲಿ ತಲೆ ಬೋಳಾಗುವವರೆಗೆ ದುಡಿದವರು, ಒಳಗುಟ್ಟುಗಳನ್ನೆಲ್ಲ ಹೇಳಿಕೊಟ್ಟಿದ್ದರು. ಇಲ್ಲಿ ಯಾರೂ ಮನುಷ್ಯರನ್ನು ನೋಡುವುದಿಲ್ಲ, ಕುರ್ಚಿ ನೋಡುತ್ತಾರೆ. ಕುರ್ಚಿಯ ಬೆನ್ನಿಗೆ ಕೋಟು ಹಾಕು, ಅರ್ಧ ಕುಡಿದ ಕಾಫಿ ಲೋಟ ಇಡು, ಪೆನ್ನಿನ ಮುಚ್ಚಳ ತೆಗೆದಿರಲಿ. ಬಂದವರು ಈಗಷ್ಟೇ ಎದ್ದು ಹೋಗಿದ್ದಾಳೆ, ಇನ್ನೇನು ಬರುತ್ತಾಳೆ ಅಂದುಕೊಳ್ಳುತ್ತಾರೆ. ಪರದೆ ಕಪ್ಪಾಗದಂತೆ ಮೌಸನ್ನು ಆಗಾಗ ಅಲ್ಲಾಡಿಸುವ ಹೊಣೆ ತನ್ನದು ಎಂದಳು.

ಅಲ್ಲಿಂದ ಮುಂದೆ ಅಪ್ಪ ಹೊಲಿದ ಕೋಟು ಆಫೀಸಿನಲ್ಲಿ ಕೂತಿತು, ಮಗಳು ಆಸ್ಪತ್ರೆಯಲ್ಲಿ ಕೂತಳು. ರೋಗಿಗಳನ್ನು ನೋಡಲು ಸಂಜೆಯ ಹೊತ್ತು ಮಾತ್ರ ಬಿಡುತ್ತಿದ್ದರು. ಹಿಂದಿನ ಮೆಟ್ಟಿಲು ಇಳಿದು, ಬಸ್ಸು ಹತ್ತಿ, ಓಡಿ ಹೋಗಿ, ಅಪ್ಪನಿಗೆ ಒಂದಿಷ್ಟು ಗಂಜಿ ಕುಡಿಸಿ ಮತ್ತೆ ಓಡಿ ಬರುತ್ತಿದ್ದಳು. ಅಪ್ಪ ಅಮ್ಮ ಇಬ್ಬರಿಗೂ ಹೇಳಿದ ಸುಳ್ಳು, ತರಬೇತಿಯವರನ್ನು ಬೇಗ ಬಿಡುತ್ತಾರೆ ಎಂದು. ಅಪ್ಪ ನಂಬಿದ. ಅಷ್ಟು ದೊಡ್ಡ ಬ್ಯಾಂಕಿನವರು ಅಷ್ಟೂ ಮಾಡದಿದ್ದರೆ ಹೇಗೆ ಎಂದು ಅವರ ಪರವಾಗಿ ಮಾತೂ ಆಡಿದ, ಪಾಪ.

ಆದರೆ ದಿನವೂ ಒಂದೇ ಪ್ರಶ್ನೆ. "ಕೋಟೆಲ್ಲಿ?"

ಬಿಸಿಲು ಅಂತ ಒಂದು ದಿನ, ಬಸ್ಸಲ್ಲಿ ಮುದುಡತ್ತೆ ಅಂತ ಇನ್ನೊಂದು ದಿನ. ಎಡಗಡೆ ಭುಜ ಸರಿಯಾಗಿ ಕೂತಿದೆಯಾ, ಕೈಯೆತ್ತಿದರೆ ಎಳೆಯುತ್ತದೆಯಾ, ಯಾರಾದರೂ ಏನಾದರೂ ಅಂದರಾ ಎಂದು ಅವನು ಕೇಳುವನು. ಎಲ್ಲರೂ ಹೊಗಳಿದರು ಎಂದು ಇವಳು ಹೇಳುವಳು. ದಿನ ಕಳೆದಂತೆ ಅಪ್ಪನ ದನಿ ಇಳಿಯಿತು, ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅವನಿಗೆ ನೋಟ ಮಂಜಾಗುತ್ತಿದೆ ಎಂದು ದಾದಿ ಹೇಳಿದ ಮರುದಿನ ಇವಳಿಗೆ ತಡೆಯಲಾಗಲಿಲ್ಲ. ಗೆಳತಿ ತನ್ನ ಕೋಟನ್ನೇ ಬಿಚ್ಚಿ ಇವಳ ಕುರ್ಚಿಗೆ ಹಾಕಿದಳು. "ಇವತ್ತೊಂದಿನ ನನ್ನ ಕೋಟು ಕೂತಿರ್ಲಿ, ಹೋಗೇ."

ವಾರ್ಡಿನ ಬಾಗಿಲಲ್ಲಿ ಕೋಟು ತೊಟ್ಟು, ಗುಂಡಿ ಹಾಕಿ, ಕೂದಲು ಸರಿಮಾಡಿಕೊಂಡು ಒಳಗೆ ಹೋದಳು. ಅಪ್ಪನ ಮುಖ ಅರಳಿತು. ಹತ್ತಿರ ಬಾ ಎಂದು ಕೈಸನ್ನೆ ಮಾಡಿದ. ಕಣ್ಣು ಸಾಲದಾಗಿತ್ತು, ಕೈಯಲ್ಲೇ ನೋಡಿದ. ಕಾಲರಿನ ಮೇಲೆ ಬೆರಳಾಡಿಸಿದ, ಭುಜಕ್ಕೆ ಬಂದ. ಅಲ್ಲಿ ಬೆರಳು ನಿಂತಿತು. ಎರಡೂ ಭುಜದಲ್ಲಿ ಕುರ್ಚಿಯ ಬೆನ್ನಿನ ಮೂಲೆ ಒತ್ತಿ ಒತ್ತಿ ಗುಬುಟು ಎದ್ದಿತ್ತು. ತೋಳು ಸವರಿದ, ಮೊಣಕೈ ಮುಟ್ಟಿದ. ಬಟ್ಟೆ ಇಸ್ತ್ರಿ ಮಾಡಿದ ದಿನ ಇದ್ದಷ್ಟೇ ನಯವಾಗಿತ್ತು.

"ಮೊಣಕೈಲಿ ಒಂದು ಸುಕ್ಕೂ ಇಲ್ಲ," ಎಂದ. "ನೀನು ಹಾಕ್ಕೊಂಡೇ ಇಲ್ಲ. ಕುರ್ಚಿ ಹಾಕ್ಕೊಂಡಿದೆ."

ಅವಳು ತೋಳನ್ನು ಹಿಂದಕ್ಕೆಳೆದುಕೊಂಡಳು.

"ನಾಚಿಕೆ ಆಯ್ತೇನಮ್ಮ? ಅಲ್ಲಿ ಎಲ್ಲರದ್ದೂ ದೊಡ್ಡ ಅಂಗಡಿ ಕೋಟು ಇರುತ್ತೆ."

ಬಾಯಲ್ಲಿ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಿಜ ಹೇಳಿದರೆ, ತನಗೋಸ್ಕರ ಮಗಳು ದಿನವೂ ಕೆಲಸ ಕದ್ದು ಬರುತ್ತಿದ್ದಾಳೆ ಎಂದು ಅವನು ಅಂದೇ ಅವಳನ್ನು ಬಾಗಿಲಿಂದಾಚೆ ಕಳಿಸುತ್ತಿದ್ದ. ಹೇಳದಿದ್ದರೆ ಈ ಮಾತು ಹಾಗೆಯೇ ಉಳಿಯುತ್ತಿತ್ತು. ಅಲ್ಲಿ ಯಾರೂ ಕೋಟು ಹಾಕಿಕೊಂಡು ಕೂರುವುದಿಲ್ಲಪ್ಪ ಎಂದು ಏನೋ ತೊದಲಿದಳು. ಅವನು ಅವಳ ಕೈತಟ್ಟಿ, ಹೋಗಲಿ ಬಿಡು ಎಂದು ಗೋಡೆಯ ಕಡೆ ತಿರುಗಿದ. ವಾರದ ಕೊನೆಗೆ ಯಾರನ್ನು ಇಟ್ಟುಕೊಳ್ಳುತ್ತಾರೆ ಎಂದು ತಿಳಿಯುವುದಿತ್ತು. ಕೆಲಸ ಗಟ್ಟಿಯಾದ ಸಂಜೆಯೇ ಎಲ್ಲವನ್ನೂ ಹೇಳಿಬಿಡುತ್ತೇನೆ, ಆಮೇಲೆ ಬೈದರೆ ಬೈಯಲಿ ಎಂದುಕೊಂಡು ಬಸ್ಸು ಹತ್ತಿದಳು.

ಆ ದಿನ ಬಂತು. ಅಲ್ಪವಿರಾಮ ಅವಳನ್ನು ಗಾಜಿನ ಕೋಣೆಗೆ ಕರೆದ. ಅಲ್ಲಿಗೆ ಮಾತ್ರ ಕೋಟು ತೊಟ್ಟೇ ಹೋಗಬೇಕು. ಫೋನು ಡ್ರಾಯರಿನಲ್ಲಿ ಬಿಟ್ಟು ಹೋದಳು. ಪುಟಗಳ ಬಗ್ಗೆ, ಅಂಕಿಗಳ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಕೈ ಚಾಚಿ ನಕ್ಕ.

"ನಾನು ಯಾವತ್ತು ಆ ಕಡೆ ಬಂದರೂ ನಿಮ್ಮ ಕೋಟು ಕಾಣಿಸ್ತಿತ್ತು. ನಮಗೆ ಬೇಕಾಗಿರೋದು ಅಂಥವರೇ."

ಅವನಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ.

ಕೋಟು ಬಿಚ್ಚದೆಯೇ, ಡ್ರಾಯರಿನ ಫೋನನ್ನೂ ಮರೆತು ಆಸ್ಪತ್ರೆಗೆ ಓಡಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಅಪ್ಪನನ್ನು ನಗಿಸುವಂತೆ ಹೇಳಬೇಕು, ನಿನ್ನ ಕೋಟಿಗೇ ಕೆಲಸ ಸಿಕ್ಕಿತು ಅನ್ನಬೇಕು ಎಂದು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅಮ್ಮ ಒಬ್ಬಳೇ ಕೂತಿದ್ದಳು, ತೊಡೆಯ ಮೇಲೆ ಅಪ್ಪನ ಕನ್ನಡಕ. ಎಷ್ಟು ಸಲ ಫೋನು ಮಾಡಿದೆ, ಯಾಕೆ ಎತ್ತಲಿಲ್ಲ ಎಂದು ಅಮ್ಮ ಕೇಳಲೂ ಇಲ್ಲ.

ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ ಅಮ್ಮ ಹೇಳಿದಳು: "ಕೋಟಿನ ವಿಷ್ಯಾನೇ ಹೇಳ್ತಿದ್ರು. ಸೆಕೆಗೆ ಹಾಕ್ಕೊಂಡಿರಲಿಕ್ಕಿಲ್ಲ ಅಂದೆ. ದೊಡ್ಡ ಆಫೀಸಲ್ಲಿ ಎಂಥ ಸೆಕೆ ಅಂದ್ರು. ಬಟ್ಟೆ ಒಳ್ಳೇದು, ಎಸೀಬೇಡ ಅಂತ ಹೇಳು ಅವಳಿಗೆ, ಹೊಲಿಗೆ ಬಿಚ್ಚಿಸಿ ಯಾರಾದರೂ ಬಲ್ಲವರ ಹತ್ರ ಹೊಲಿಸ್ಕೊಳ್ಳಲಿ ಅಂದ್ರು."

ಅವಳು ಈಗಲೂ ಅದೇ ಬ್ಯಾಂಕಿನಲ್ಲಿದ್ದಾಳೆ. ಕೋಟನ್ನು ಕುರ್ಚಿಗೆ ಹಾಕುವುದಿಲ್ಲ. ಎಂಥ ಬೇಸಿಗೆಯಲ್ಲೂ ಬಸ್ಸಿನಲ್ಲಿ, ಊಟದ ಮೇಜಿನಲ್ಲಿ, ಮೆಟ್ಟಿಲಲ್ಲಿ ತೊಟ್ಟೇ ಇರುತ್ತಾಳೆ. ಇವಳೇನು ಕೋಟಿನ ಜೊತೆಗೇ ಹುಟ್ಟಿದವಳಾ ಎಂದು ಹೊಸಬರು ಆಡಿಕೊಳ್ಳುತ್ತಾರೆ. ಭುಜದ ಗುಬುಟು ಎಷ್ಟು ಇಸ್ತ್ರಿ ಹಾಕಿದರೂ ಹೋಗಿಲ್ಲ. ಮೊಣಕೈ ಮಾತ್ರ ಸುಕ್ಕು ಬಿದ್ದು, ಸವೆದು, ನೂಲು ಬಿಟ್ಟಿದೆ. ಮುಟ್ಟಿ ನೋಡಬೇಕಾದವನು ಇಲ್ಲ.