ಊಟದ ಕೈ

ಮೊನ್ನೆ ಬಾಣಸವಾಡಿಯ ತಮ್ಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದು ಪ್ರಸಾದ ಹಂಚುತ್ತಿದ್ದಾಗ 'ಚಟ್' ಎಂದು ಒಂದು ಸಣ್ಣ ಶಬ್ದವಾಯಿತು. ಆ ಗದ್ದಲದಲ್ಲಿ ನಿಮಗಾಗಿದ್ದರೆ ಕೇಳಿಸುತ್ತಲೂ ಇರಲಿಲ್ಲ. ನನಗೆ ಮಾತ್ರ ಮೈ ಉರಿದುಹೋಯಿತು. ತಮ್ಮನ ಮಗಳು ಅನ್ವಿ, ಎರಡನೇ ಕ್ಲಾಸಿನವಳು, ಪ್ರಸಾದಕ್ಕೆ ಎಡಗೈ ಚಾಚಿದ್ದಳು. ನಮ್ಮಮ್ಮ ಆ ಕೈಯ ಮೇಲೆ ಒಂದು ಕೊಟ್ಟಿದ್ದಳು.

"ಚೀ, ಆ ಕೈ ಅಲ್ಲ ಪುಟ್ಟಾ. ಊಟದ ಕೈ ಕೊಡು."

ಊಟದ ಕೈಯಂತೆ! ಆ ಮಾತು ಕೇಳಿದರೆ ನನಗೆ ಇವತ್ತಿಗೂ ಎಡಗೈ ಹೆಬ್ಬೆರಳು ಜುಮ್ಮೆನ್ನುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸಾವಧಾನ ಇರಲಿ.

ಮೊದಲಿಗೆ ಈ ಸಿಟ್ಟನ್ನು ಕಾರಿಕೊಂಡುಬಿಡುತ್ತೇನೆ. ನಮ್ಮ ಭಾಷೆಗೇ ಎಡದ ಮೇಲೆ ಅದೇನು ಹಗೆಯೋ ನಾನರಿಯೆ. ಕೆಲಸ ಕೆಟ್ಟರೆ ಎಡವಟ್ಟು, ಮನುಷ್ಯ ಕೆಟ್ಟರೆ ಎಡಬಿಡಂಗಿ, ಕಾಲು ತಪ್ಪಿದರೆ ಎಡವಿದ. ಬಲದ ವೈಭೋಗ ನೋಡಿ: ಬಲವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಹೊಸ ಸೊಸೆ ಬಂದರೆ ಬಲಗಾಲಿಟ್ಟೇ ಬರಬೇಕು. ಪಂಡಿತರು ಈ ಪದಗಳ ಮೂಲವೇ ಬೇರೆ ಎನ್ನಬಹುದು, ಅಂದುಕೊಳ್ಳಲಿ. ಅವರ ಕೈಗೆ ಯಾರೂ ಹೊಡೆದಿರುವುದಿಲ್ಲ. ಅಲ್ಲ ಸ್ವಾಮಿ, ಸೋಪು ಎರಡು ಕೈಗೂ ಒಂದೇ ತಾನೆ? ಅದೇ ಪೂಜೆಯಲ್ಲಿ ಎಡಗೈಯಲ್ಲಿ ಫೋನು ಹಿಡಿದು ದೇವರ ಫೋಟೊ ತೆಗೆದವರಿಗೆ ಯಾರೂ ಏನೂ ಅನ್ನಲಿಲ್ಲ.

ನಾನು ಹುಟ್ಟಾ ಎಡಚಿ. ಅಪ್ಪ ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿದ್ದರು. ಅವರಿಗೆ ಡ್ಯೂಟಿಗೆಂದು ಕೊಡುತ್ತಿದ್ದ ಖಾಕಿ ಕಾಲುಚೀಲ ನಿಮಗೆ ಗೊತ್ತಿರಲಿಕ್ಕಿಲ್ಲ. ಊಟಕ್ಕೆ ಕೂತಾಗಲೆಲ್ಲ ಅಮ್ಮ ಅದನ್ನು ನನ್ನ ಎಡಗೈಗೆ ಮೊಣಕೈವರೆಗೂ ಏರಿಸುತ್ತಿದ್ದಳು. ತೊಳೆದ ಕಾಲುಚೀಲವೇ, ಸುಳ್ಳು ಹೇಳಬಾರದು. ನೆಂಟರು ಬಂದರೆ "ಕೈ ಸುಟ್ಕೊಂಡಿದಾಳೆ" ಎನ್ನುತ್ತಿದ್ದಳು. ಹೀಗೆ ನಾನು ಬಲಗೈಯಲ್ಲಿ ಉಣ್ಣಲು ಕಲಿತೆ, ಬರೆಯಲೂ ಕಲಿತೆ. ನನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗಿದೆ. ಬ್ಯಾಂಕಿನವರು ಸಹಿ ಹೊಂದುತ್ತಿಲ್ಲವೆಂದು ವಾಪಸು ಕಳಿಸಿದಾಗಲೆಲ್ಲ ನಾನು ಆ ಕಾಲುಚೀಲವನ್ನು ನೆನೆಯುತ್ತೇನೆ.

ನಾವಿದ್ದ ಕಾರ್ಖಾನೆಯ ಕಾಲೋನಿಯಲ್ಲಿ ಒಂದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿತ್ತು. ಹಲಸೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಸೆಲ್ವರಾಜ್ ಸಾರ್ ಅಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಲೆಫ್ಟು ರೈಟು ಎಂದರೆ ನಾವು ಗೊಂದಲಕ್ಕೆ ಬೀಳುತ್ತೇವೆಂದು ಅವರ ನಂಬಿಕೆ. ಕನ್ನಡ, ತಮಿಳು, ಉರ್ದು, ತೆಲುಗು ಮನೆಗಳ ಮಕ್ಕಳಿಗೆಲ್ಲ ಅರ್ಥವಾಗಲೆಂದು ಒಂದು ಉಪಾಯ ಹುಡುಕಿದ್ದರು. ತಮಿಳಿನಲ್ಲಿ ಬಲಗೈಯನ್ನು 'ಸೋತ್ತುಕ್ಕೈ' ಎನ್ನುತ್ತಾರೆ, ಅನ್ನದ ಕೈ. ಅದನ್ನೇ ಅವರು ಕನ್ನಡ ಮಾಡಿಕೊಂಡಿದ್ದರು.

"ಊಟದ ಕೈ ಬಾಲ್ ಕೆಳಗೆ. ಇನ್ನೊಂದು ಕೈ ಪಕ್ಕದಲ್ಲಿ ಸುಮ್ನೆ ಆಸರೆ. ಮೊಣಕೈ ರಿಂಗ್ ನೋಡ್ಬೇಕು. ಮಂಡಿಯಿಂದ ಏಳು, ಮಣಿಕಟ್ಟಿಂದ ಬಿಡು. ಆಸರೆ ಕೈ ತಳ್ಳಬಾರ್ದಮ್ಮಾ! ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಗಾದೆ ಇಲ್ವಾ? ಅದು ದಾನಕ್ಕಲ್ಲ, ಬ್ಯಾಸ್ಕೆಟ್‌ಬಾಲ್‌ಗೇ ಮಾಡಿರೋ ಗಾದೆ."

ಎಂಥ ಪಾಠ! ಚೆಂಡು ಹಾಕುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಇಂದಿರಾನಗರದಲ್ಲಿ ಈಗ ದುಬಾರಿ ಅಕಾಡೆಮಿಗಳಿವೆ, ಟ್ಯಾಬ್‌ನಲ್ಲಿ ವೀಡಿಯೊ ತೋರಿಸಿ ಇದನ್ನೇ ಹೇಳುತ್ತಾರೆ. ತೊಂದರೆ ಒಂದೇ ಇತ್ತು. ನನ್ನ ಎಡಗೈಗೆ ಎಲ್ಲವೂ ಗೊತ್ತಾಗುತ್ತಿತ್ತು.

ನಾನು ವಿಧೇಯಳಾಗಿ ಬಲಗೈಯನ್ನು ಕೆಳಗಿಟ್ಟು ಎತ್ತುತ್ತಿದ್ದೆ. ಬಿಡುವ ಹೊತ್ತಿಗೆ ಪಕ್ಕದಲ್ಲಿ ಸುಮ್ಮನಿರಬೇಕಾದ ಎಡಗೈಯ ಹೆಬ್ಬೆರಳು ಚೆಂಡನ್ನು ತಾನಾಗಿ ತಳ್ಳಿಬಿಡುತ್ತಿತ್ತು. ಚೆಂಡು ರಿಂಗಿನ ಬಲ ಅಂಚಿಗೆ ಬಡಿದು ಚರಂಡಿ ಕಡೆಗೆ ಓಡುತ್ತಿತ್ತು, ನಾನು ಅದರ ಹಿಂದೆ. ಒಂದು ದಿನ, ಎರಡು ದಿನವಲ್ಲ, ಇಡೀ ವರ್ಷ! ಇಂಟರ್-ಕಾಲೋನಿ ಟೀಮಿಗೆ ಸೇರಬೇಕೆಂಬುದು ಆಗ ನನ್ನ ಜೀವನದ ಏಕೈಕ ಆಸೆ. ಕೊನೆಗೆ ಸಾರ್ ನನ್ನ ಎಡ ಹೆಬ್ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಪ್ಲಾಸ್ಟರ್ ಸುತ್ತಿದರು. "ಸುಮ್ನಿರಕ್ಕೆ ಕಲೀಲಿ" ಎಂದರು. ಮನೆಯಲ್ಲಿ ಕಾಲುಚೀಲ, ಕೋರ್ಟಿನಲ್ಲಿ ಪ್ಲಾಸ್ಟರ್. ಆ ಬಡಪಾಯಿ ಕೈ ಯಾರಿಗೆ ಏನು ಮಾಡಿತ್ತು ಹೇಳಿ. ಆ ವರ್ಷ ಟೀಮಿನ ಹೆಸರು ಓದಿದಾಗ ನನ್ನದಿರಲಿಲ್ಲ. ನೀರಿನ ಬಾಟಲಿ ಕಾಯಲು ನನ್ನನ್ನು ಕೂರಿಸಿದರು.

ನನ್ನ ಕೈಯ ಗುಟ್ಟು ಬಯಲಾದದ್ದು ಒಂದು ಬೂಟಿನಿಂದ. ಒಂದು ಸಂಜೆ ಚೆಂಡು ರಿಂಗಿಗೂ ಹಿಂದಿನ ಹಲಗೆಗೂ ನಡುವೆ ಸಿಕ್ಕಿಕೊಂಡಿತು. ಕೋಲಿಲ್ಲ, ಇನ್ನೊಂದು ಚೆಂಡಿಲ್ಲ. ಎಲ್ಲರೂ ಚಪ್ಪಲಿ ಎಸೆದು ಸೋತರು. ಬೆವರಿಗೆ ನನ್ನ ಪ್ಲಾಸ್ಟರ್ ಕಿತ್ತುಬಂದಿತ್ತು. ನಾನು ಕ್ಯಾನ್ವಾಸ್ ಬೂಟು ಬಿಚ್ಚಿ, ಯೋಚಿಸದೆ ಎಸೆದೆ. ಒಂದೇ ಏಟಿಗೆ ಚೆಂಡು ಕೆಳಗೆ ಬಿತ್ತು.

ಪಕ್ಕದಲ್ಲಿದ್ದ ನನ್ನ ಗೆಳತಿ ಜಬೀನ್ ಬಾಯಿ ಬಿಟ್ಟಳು. "ಅರೇ, ನೀನ್ ಲೆಫ್ಟೀನಾ? ಒಂದ್ ವರ್ಷದಿಂದ ಬಾಯಿಗೇನ್ ಬೀಗ ಹಾಕ್ಕೊಂಡಿದ್ಯೇನೇ?"

"ಸಾರ್ ಊಟದ ಕೈ ಅಂದ್ರಲ್ಲ. ಊಟ ನಾನು ಇದ್ರಲ್ಲೇ ಮಾಡೋದು" ಎಂದು ಬಲಗೈ ತೋರಿಸಿದೆ. ನಗಬೇಡಿ. ಆ ವಯಸ್ಸಿಗೆ ನನಗೆ ಅದು ಪೂರ್ತಿ ನ್ಯಾಯವಾಗಿಯೇ ಕಂಡಿತ್ತು.

ಸೆಲ್ವರಾಜ್ ಸಾರ್ ನನ್ನ ಎಡಗೈಯನ್ನು ಹಿಡಿದು ತಿರುಗಿಸಿ ನೋಡಿದರು. "ಅಯ್ಯೋ, ನಾನು ಕೇಳೇ ಇಲ್ವಲ್ಲಮ್ಮಾ" ಎಂದರು. ಆಮೇಲೆ ರಿಂಗಿನ ಬುಡಕ್ಕೆ ನಿಲ್ಲಿಸಿ ಎಲ್ಲ ಮೊದಲಿನಿಂದ ಶುರು ಮಾಡಿದರು. ಎಡಗೈ ಕೆಳಗೆ, ಬಲಗೈ ಆಸರೆ. ಮೊದಲ ಚೆಂಡು ರಿಂಗನ್ನು ಮುಟ್ಟದೆ ಬಲೆಯೊಳಗೆ ಇಳಿಯಿತು. ನನಗೆ ಸಂತೋಷವಾಗಲಿಲ್ಲ, ಅಳು ಬಂತು. ಇಷ್ಟು ಸುಲಭವಿದ್ದುದನ್ನು ಒಂದು ವರ್ಷ ನನ್ನಿಂದ ಕಸಿದುಕೊಂಡರಲ್ಲ ಎಂದು ಸಿಟ್ಟೂ ಬಂತು.

ಮರುವರ್ಷ ಟೀಮಿನಲ್ಲಿ ಆಡಿದೆ. ಪಂದ್ಯ ನೋಡಲು ಅಮ್ಮನೂ ಬಂದಿದ್ದಳು. ನಾನು ಎಲ್ಲರೆದುರು ಎಡಗೈಯಲ್ಲಿ ಚೆಂಡು ಹಾಕುವುದನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮನೆಗೆ ಬಂದ ಮೇಲೆ ತೀರ್ಪು ಕೊಟ್ಟಳು: "ಹೋಗ್ಲಿ ಬಿಡು. ಚೆಂಡೇನು ತಿನ್ನೋ ಪದಾರ್ಥಾನಾ?" ಅಷ್ಟೇ ರಾಜಿ. ತಟ್ಟೆಯ ಮುಂದೆ ಮಾತ್ರ ನಾನು ಮೊನ್ನೆಯವರೆಗೆ ಬಲಗೈಯವಳೇ.

ಪೂಜೆಯ ಮನೆಗೆ ಬರೋಣ. ಎಲೆ ಹಾಕಿದರು. ಅನ್ವಿ ನನ್ನ ಪಕ್ಕದಲ್ಲಿ ಕೂತಳು. ಬಗ್ಗಿ ನೋಡಿದರೆ, ಮಗು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದೆ. ಯಾರೂ ಹಾಗೆ ಕೂರಲು ಹೇಳಿರಲಿಲ್ಲ. ಬಲಗೈಯಲ್ಲಿ ಅನ್ನವನ್ನು ಸುಮ್ಮನೆ ಅತ್ತಿತ್ತ ಮಾಡುತ್ತಿದ್ದಳು. ಇವಳಿಗೆ ಕಾಲುಚೀಲವೂ ಬೇಕಾಗಲಿಲ್ಲ, ಒಂದು ಚಟ್ ಸಾಕಾಯಿತು.

ಎಡಗೈ ತೊಳೆದುಕೊಂಡು ಬಂದು ಕೂತೆ. ಸಾರನ್ನ ಕಲಸಿದೆ, ಅದೇ ಕೈಯಲ್ಲಿ.

ಬಡಿಸುತ್ತಿದ್ದ ಅಮ್ಮ ನಿಂತುಬಿಟ್ಟಳು. "ಏನೇ ಇದು, ಎಲ್ಲರ ಮುಂದೆ! ಈ ವಯಸ್ಸಲ್ಲಿ!"

"ನನ್ ಊಟದ ಕೈ ಇದೇ ಅಮ್ಮ. ತಡವಾಗಿ ಗೊತ್ತಾಯ್ತು."

ವೀರಾವೇಶದಿಂದ ತುತ್ತೆತ್ತಿದ್ದೇನೋ ಸರಿ. ಕಲಿಯದ ಕೈ. ಅರ್ಧ ಅನ್ನ ಎಲೆಗೆ, ಸಾರು ಮೊಣಕೈಗೆ, ಒಂದಿಷ್ಟು ರೇಷ್ಮೆ ಸೀರೆಗೆ. ಬಾಯಿಗೆ ಬಂದದ್ದು ಒಂದು ಕರಿಬೇವಿನ ಎಲೆ.

ಅನ್ವಿ ಕಿಸಕ್ಕನೆ ನಕ್ಕಳು. "ಅತ್ತೆ, ನಿಮಗೆ ಬರಲ್ಲ!"

"ಹೂಂ ಕಣೇ, ಪ್ರಾಕ್ಟೀಸ್ ಮಾಡಕ್ಕೇ ಬಿಡ್ಲಿಲ್ಲ. ಹೇಗೆ ಅಂತ ನೀನ್ ತೋರ್ಸು."

ಅವಳು ಅಜ್ಜಿಯ ಕಡೆ ನೋಡಿದಳು. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ಅನ್ವಿ ತೊಡೆಯ ಕೆಳಗಿನಿಂದ ಕೈಯನ್ನು ಮೆಲ್ಲಗೆ ಹೊರತೆಗೆದು, ಫ್ರಾಕಿಗೆ ಒಮ್ಮೆ ಒರೆಸಿಕೊಂಡು, ನನಗೆ ತೋರಿಸಿಕೊಟ್ಟಳು.